ಮಕ್ಕಳ ಥೈರಾಯ್ಡ್ ರಕ್ತಪರೀಕ್ಷೆಯ ವರದಿಯನ್ನು ಓದುವ ಬಗೆ

ಮಗುವಿನ ಥೈರಾಯ್ಡ್ ವರದಿ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಮಗುವಿನ ವಯಸ್ಸು. ವರದಿಯಲ್ಲಿರುವ ಟಿಎಸ್‌ಎಚ್ ಎಂದರೆ ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನ್; ಟಿ4 ಮತ್ತು ಟಿ3 ಥೈರಾಯ್ಡ್‌ನ ಹಾರ್ಮೋನ್‌ಗಳು, ಅದರಲ್ಲಿ ಫ್ರೀ ಟಿ4 ಎಂದರೆ ರಕ್ತದಲ್ಲಿ ಬಿಡಿಯಾಗಿರುವ ಟಿ4. ಅನೇಕ ಲ್ಯಾಬ್‌ಗಳು ಫಲಿತಾಂಶದ ಪಕ್ಕದಲ್ಲಿ ಅಚ್ಚು ಹಾಕುವ ಸಾಮಾನ್ಯ ಮಿತಿ ವಯಸ್ಕರದ್ದಾಗಿರುತ್ತದೆ; ಟಿಎಸ್‌ಎಚ್‌ಗೆ ಸುಮಾರು 0.4ರಿಂದ 4.2 (ಮಿಲಿ ಯೂನಿಟ್ ಪ್ರತಿ ಲೀಟರ್), ಫ್ರೀ ಟಿ4ಗೆ ಸುಮಾರು 0.8ರಿಂದ 1.8 (ನ್ಯಾನೋಗ್ರಾಂ ಪ್ರತಿ ಡೆಸಿಲೀಟರ್) ಎಂಬ ಈ ಮಿತಿಗಳನ್ನು ಎಳೆಗೂಸಿಗೂ ಅನ್ವಯಿಸಿದರೆ ಆರೋಗ್ಯವಂತ ಮಗುವಿಗೆ ಕಾಯಿಲೆಯ ಹಣೆಪಟ್ಟಿ ಬೀಳಬಹುದು, ನಿಜವಾದ ಕೊರತೆಯೂ ಕಣ್ತಪ್ಪಿಹೋಗಬಹುದು. ಮಕ್ಕಳಲ್ಲಿ ಟಿ3 ಸಹಜವಾಗಿಯೇ ದೊಡ್ಡವರಿಗಿಂತ ಹೆಚ್ಚಿರುತ್ತದೆಯಾದ್ದರಿಂದ, ಉಳಿದೆರಡು ಸರಿಯಿದ್ದು ಟಿ3 ಮಾತ್ರ ತುಸು ಮೇಲಿದ್ದರೆ ಗಾಬರಿಪಡಬೇಕಿಲ್ಲ.

ವಿದೇಶದಲ್ಲಿ ಮಾಡಿಸಿದ ವರದಿಯನ್ನು ಇಲ್ಲಿನದರೊಂದಿಗೆ ಹೋಲಿಸುವವರು ಅಳತೆಯ ಮಾನವನ್ನೂ ಗಮನಿಸಬೇಕು. ನ್ಯಾನೋಗ್ರಾಂ ಪ್ರತಿ ಡೆಸಿಲೀಟರ್ ಲೆಕ್ಕದ ಫ್ರೀ ಟಿ4 ಅನ್ನು ಸುಮಾರು 12.9ರಿಂದ ಗುಣಿಸಿದರೆ ಪಿಕೋಮೋಲ್ ಪ್ರತಿ ಲೀಟರ್ ಲೆಕ್ಕ ದೊರೆಯುತ್ತದೆ.

ಟಿಎಸ್‌ಎಚ್ ಮತ್ತು ಫ್ರೀ ಟಿ4 ಎರಡನ್ನೂ ಜೊತೆಯಾಗಿಯೇ ಓದಬೇಕು. ಟಿಎಸ್‌ಎಚ್ ಹೆಚ್ಚಿದ್ದು ಫ್ರೀ ಟಿ4 ಕಡಿಮೆಯಿದ್ದರೆ ದೋಷವಿರುವುದು ಥೈರಾಯ್ಡ್ ಗ್ರಂಥಿಯಲ್ಲಿ. ಟಿಎಸ್‌ಎಚ್ ತೀರಾ ಇಳಿದು ಫ್ರೀ ಟಿ4 ಏರಿದ್ದರೆ ಹಾರ್ಮೋನ್ ಅತಿಯಾಗಿದೆ ಎಂದು ಶಂಕಿಸಬೇಕು. ಆದರೆ ಬಯೋಟಿನ್ ಇರುವ ಕೂದಲಿನ ಅಥವಾ ವಿಟಮಿನ್ ಮಾತ್ರೆಗಳು ಕೆಲವು ಪರೀಕ್ಷಾ ವಿಧಾನಗಳಲ್ಲಿ ಇದೇ ಚಿತ್ರವನ್ನು ಸುಳ್ಳಾಗಿ ತೋರಿಸುವುದುಂಟು. ಹೆಚ್ಚು ಎಚ್ಚರ ಬೇಕಾದದ್ದು ಫ್ರೀ ಟಿ4 ಕಡಿಮೆಯಿದ್ದೂ ಟಿಎಸ್‌ಎಚ್ ಏರದಿರುವ ವರದಿಯಲ್ಲಿ. ಮೆದುಳಿನ ಬುಡದಲ್ಲಿದ್ದು ಟಿಎಸ್‌ಎಚ್ ಸ್ರವಿಸುವ ಪಿಟ್ಯುಟರಿ ಗ್ರಂಥಿಯ ತೊಂದರೆಯಿಂದಲೂ ಹೀಗಾಗಬಹುದು, ಟಿಎಸ್‌ಎಚ್ ಒಂದನ್ನೇ ಮಾಡಿಸಿದರೆ ಅದು ಗೊತ್ತೇ ಆಗುವುದಿಲ್ಲ. ತೀವ್ರ ಕಾಯಿಲೆಯಿಂದ ಬಳಲುತ್ತಿರುವ ಮಗುವಿನಲ್ಲಿಯೂ ಹಾರ್ಮೋನ್ ಮಟ್ಟ ತಾತ್ಕಾಲಿಕವಾಗಿ ಇಳಿಯುವುದರಿಂದ, ತುರ್ತಿಲ್ಲದಿದ್ದರೆ ಚೇತರಿಕೆಯ ನಂತರ ಪರೀಕ್ಷಿಸುವುದೇ ಲೇಸು.

ನವಜಾತ ಶಿಶುಗಳ ಲೆಕ್ಕವೇ ಬೇರೆ. ಹುಟ್ಟಿದ ಅರ್ಧ ಗಂಟೆಯೊಳಗೆ ಟಿಎಸ್‌ಎಚ್ 60–80ರವರೆಗೂ ಚಿಮ್ಮಿ, ಮುಂದಿನ ಕೆಲವು ದಿನಗಳಲ್ಲಿ ಇಳಿಯುತ್ತದೆ, ಇದು ಸಹಜ. ಆದ್ದರಿಂದಲೇ ನವಜಾತ ಶಿಶುಗಳ ಥೈರಾಯ್ಡ್ ತಪಾಸಣೆಗೆ ಹಿಮ್ಮಡಿಯ ರಕ್ತವನ್ನು ಸಾಮಾನ್ಯವಾಗಿ 48 ಗಂಟೆ ಕಳೆದ ಮೇಲೆ ತೆಗೆಯುತ್ತಾರೆ, ಇಲ್ಲವೇ ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿಯ ರಕ್ತವನ್ನು ಬಳಸುತ್ತಾರೆ. ಈ ತಪಾಸಣೆಯಲ್ಲಿ ಟಿಎಸ್‌ಎಚ್ 20ಕ್ಕಿಂತ ಹೆಚ್ಚಿದ್ದರೆ ಅಭಿಧಮನಿಯ ರಕ್ತದಿಂದ ಖಚಿತಪಡಿಸಿಕೊಳ್ಳುವುದು ಭಾರತದಲ್ಲಿ ರೂಢಿಯಲ್ಲಿರುವ ಕ್ರಮ. ಎರಡು ವಾರ ಕಳೆದ ಮಗುವಿನಲ್ಲಿ ಟಿಎಸ್‌ಎಚ್ 10 ಮೀರಿದ್ದು ಫ್ರೀ ಟಿ4 ವಯಸ್ಸಿಗೆ ತಕ್ಕಷ್ಟು ಇಲ್ಲದಿದ್ದರೆ ಚಿಕಿತ್ಸೆ ಬೇಕು. ಉದಾಹರಣೆಗೆ, ಇಪ್ಪತ್ತು ದಿನದ ಕೂಸಿನ ಟಿಎಸ್‌ಎಚ್ 28, ಫ್ರೀ ಟಿ4 1.0 ಎಂದಿರಲಿ. ವಯಸ್ಕರ ಅಂಕಣದ ಪ್ರಕಾರ ಈ 1.0 ಸರಿಯಾಗಿಯೇ ಇದೆ, ಕೂಸಿಗೆ ಮಾತ್ರ ಅದು ಕಡಿಮೆ. ಮೆದುಳು ಬೆಳೆಯುವ ಆ ವಾರಗಳಲ್ಲಿ ‘ಮುಂದಿನ ತಿಂಗಳು ನೋಡೋಣ’ ಎನ್ನುವುದು ಸಲ್ಲದು. ಥೈರಾಯ್ಡ್ ಸ್ಕ್ಯಾನ್ ಆಗಿಲ್ಲವೆಂಬ ಕಾರಣಕ್ಕೂ ಥೈರಾಯ್ಡ್ ಹಾರ್ಮೋನಿನ ಮಾತ್ರೆ ತಡವಾಗಬಾರದು. ದಿನ ತುಂಬದೆ ಹುಟ್ಟಿದ ಮಕ್ಕಳಲ್ಲಿ ಟಿಎಸ್‌ಎಚ್ ತಡವಾಗಿ ಏರಬಹುದಾದ್ದರಿಂದ, ಮೊದಲ ವರದಿ ಸರಿಯಿದ್ದರೂ ಎರಡರಿಂದ ನಾಲ್ಕು ವಾರಗಳೊಳಗೆ ಮತ್ತೊಮ್ಮೆ ಪರೀಕ್ಷಿಸಬೇಕು.

ಶಾಲೆಗೆ ಹೋಗುವ ಮಕ್ಕಳಲ್ಲಿ ಅವಸರಕ್ಕಿಂತ ತಾಳ್ಮೆಯೇ ಹೆಚ್ಚು ಬೇಕಾಗುತ್ತದೆ. ತೂಕ ಹೆಚ್ಚಿರುವ ಎಂಟು ವರ್ಷದ ಮಗುವಿನ ಟಿಎಸ್‌ಎಚ್ 7, ಫ್ರೀ ಟಿ4 1.3 ಇದ್ದರೆ, ಥೈರಾಯ್ಡ್‌ನಿಂದಲೇ ತೂಕ ಬಂತೆಂದು ಹಲವರು ತೀರ್ಮಾನಿಸಿಬಿಡುತ್ತಾರೆ; ವಾಸ್ತವದಲ್ಲಿ ಬೊಜ್ಜೇ ಟಿಎಸ್‌ಎಚ್ ಅನ್ನು ಇಷ್ಟು ಏರಿಸಬಲ್ಲದು. ಇಂಥಲ್ಲಿ ಎರಡು ಮೂರು ತಿಂಗಳ ನಂತರ ಆ್ಯಂಟಿ–ಟಿಪಿಒ (ಥೈರಾಯ್ಡ್ ವಿರುದ್ಧ ದೇಹವೇ ತಯಾರಿಸುವ ಪ್ರತಿಕಾಯದ) ಪರೀಕ್ಷೆಯೊಂದಿಗೆ ಮತ್ತೆ ನೋಡುವುದು ವಾಡಿಕೆ. ಅದಕ್ಕಿಂತ ಮುಖ್ಯವಾದದ್ದು ಎತ್ತರ: ತೂಕ ಏರುತ್ತಿದ್ದರೂ ಎತ್ತರ ನಿಂತುಹೋಗಿದ್ದರೆ ಥೈರಾಯ್ಡ್ ಕೊರತೆಯ ಸಂಶಯ ಬಲವಾಗುತ್ತದೆ. ಡೌನ್ ಸಿಂಡ್ರೋಮ್ ಅಥವಾ ಟೈಪ್ 1 ಮಧುಮೇಹವಿರುವ ಮಕ್ಕಳಿಗೆ ಲಕ್ಷಣಗಳಿಲ್ಲದಿದ್ದರೂ ನಿಯಮಿತ ತಪಾಸಣೆ ಅಗತ್ಯ.

ಚಿಕಿತ್ಸೆಯಲ್ಲಿರುವ ದೊಡ್ಡ ಮಕ್ಕಳಲ್ಲಿ ಮಾತ್ರೆಯ ಪ್ರಮಾಣ ಬದಲಿಸಿದ ಸುಮಾರು ಆರು ವಾರಗಳ ಬಳಿಕವೇ ಟಿಎಸ್‌ಎಚ್ ಸ್ಥಿರಗೊಳ್ಳುತ್ತದೆ. ಶಿಶುಗಳಲ್ಲಿ ಅಷ್ಟು ಕಾಯದೆ ಬೇಗ ಪರೀಕ್ಷಿಸುತ್ತಾರೆ. ಅಂದಿನ ಮಾತ್ರೆ ನುಂಗಿದ ನಂತರದ ಕೆಲವು ಗಂಟೆ ಫ್ರೀ ಟಿ4 ಏರಿರುತ್ತದೆಯಾದ್ದರಿಂದ ಮಾತ್ರೆಗೆ ಮುಂಚೆಯೇ ರಕ್ತ ಕೊಡುವುದು ಉತ್ತಮ. ಫ್ರೀ ಟಿ4 ಚೆನ್ನಾಗಿದ್ದೂ ಟಿಎಸ್‌ಎಚ್ ಎತ್ತರದಲ್ಲೇ ಉಳಿದಿದ್ದರೆ, ವಾರಗಟ್ಟಲೆ ಬಿಟ್ಟಿದ್ದ ಮಾತ್ರೆಯನ್ನು ಪರೀಕ್ಷೆಗೆ ಕೆಲವೇ ದಿನ ಮುಂಚೆ ಮತ್ತೆ ಆರಂಭಿಸಿರಬಹುದು. ಪ್ರಮಾಣ ಹೆಚ್ಚಿಸುವ ಮೊದಲು, ಗದರಿಸದೆ ಅದನ್ನು ಕೇಳಿ ತಿಳಿದುಕೊಳ್ಳಬೇಕು.