ಟ್ರೇಲ್‌ಗೆ ಹೊರಡುವಾಗ ಮೈ ಮೇಲೆ ಏನು, ಬೈಕ್ ಮೇಲೆ ಏನು

ಸಕಲೇಶಪುರ, ಮೂಡಿಗೆರೆ ಕಡೆಯ ಎಸ್ಟೇಟ್ ರಸ್ತೆ, ಕಲ್ಲು ಕಿತ್ತ ಜೀಪ್ ದಾರಿಗಳಲ್ಲಿ ನಾನು ಎಕ್ಸ್‌ಪಲ್ಸ್ 200 ಬೈಕ್ ಓಡಿಸುತ್ತೇನೆ. ತೋಟದವರನ್ನು ಕೇಳಿಯೇ ಒಳಗೆ ಹೋಗುತ್ತೇವೆ, ಮೀಸಲು ಅರಣ್ಯಕ್ಕೆ ಗಾಡಿ ಇಳಿಸುವುದಿಲ್ಲ. ಏನೇನು ಕಟ್ಟಿಕೊಳ್ಳಬೇಕು ಅಂತ ಹೊಸಬರು ಕೇಳುತ್ತಾರೆ. ನಾನು ಮೊದಲು ಹೇಳುವುದು ಯಾವುದನ್ನು ಎಲ್ಲಿ ಇಡಬೇಕು ಅನ್ನುವುದನ್ನು.

ಬಿದ್ದಿರಿ, ಬೈಕ್ ಜಾರಿ ಕೆಳಗೆ ಕಾಫಿ ಗಿಡಗಳ ನಡುವೆ ಹೋಯಿತು, ಕಾಲು ಎತ್ತೋಕೆ ಆಗುತ್ತಿಲ್ಲ ಅಂದುಕೊಳ್ಳಿ. ಆಗ ಮೈ ಮೇಲೆ ಇರುವುದಷ್ಟೇ ಕೈಗೆ ಸಿಗುತ್ತದೆ. ಅದಕ್ಕೇ ಫೋನ್ ಹ್ಯಾಂಡಲ್ ಮೇಲೆ ಬೇಡ, ಜಾಕೆಟ್ ಒಳಜೇಬಿನಲ್ಲಿರಲಿ, ಆಫ್‌ಲೈನ್ ಮ್ಯಾಪ್ ಇಳಿಸಿಕೊಂಡಿರಲಿ. ಸೀಟಿ ಬ್ಯಾಗಿನ ಭುಜದ ಪಟ್ಟಿಗೆ ಕಟ್ಟಿರುತ್ತೇನೆ. ಕೂಗಿ ಕೂಗಿ ಗಂಟಲು ಬಿದ್ದುಹೋಗುತ್ತದೆ, ಸೀಟಿ ಊದೋಕೆ ಅಷ್ಟು ಶಕ್ತಿ ಬೇಡ. ಬೆನ್ನಿಗೆ 2 ಲೀಟರ್ ನೀರಿನ ಚೀಲ, ಪಕ್ಕದಲ್ಲಿ ಓಆರ್‌ಎಸ್ ಪೊಟ್ಟಣ. ರಕ್ತದ ಗುಂಪು, ಮನೆಯ ನಂಬರ್ ಬರೆದ ಚೀಟಿ ಪ್ಲಾಸ್ಟಿಕ್ ಸುತ್ತಿ ಎದೆಯ ಜೇಬಿಗೆ.

ಔಷಧಿ ಚೀಲವೂ ಬೆನ್ನಿಗೇ. ಅದರಲ್ಲಿ ಬ್ಯಾಂಡ್‌ಏಡ್ ತುಂಬಿಕೊಂಡು ಹೋದರೆ ಸಾಲದು. ಟ್ರೇಲ್‌ನಲ್ಲಿ ಆಗುವುದು ಜಾಸ್ತಿ ಉಳುಕು, ಮೂಳೆ ಮುರಿತ, ಆಳದ ಗಾಯ. ಅಗಲವಾದ ಕ್ರೇಪ್ ಬ್ಯಾಂಡೇಜ್, ರಕ್ತ ಒತ್ತಿ ಹಿಡಿಯೋಕೆ ದಪ್ಪ ಗಾಜ್ ಬಟ್ಟೆ, ಕೈ ಜೋಲಿಗೆ ತ್ರಿಕೋನ ಬಟ್ಟೆ, ಮುರಿದ ಕೈಕಾಲಿಗೆ ಆಸರೆಯಾಗಿ ಬಗ್ಗಿಸಿ ಕಟ್ಟುವ ಫೋಮ್ ಸ್ಪ್ಲಿಂಟ್, ಪ್ಯಾಂಟ್ ಕತ್ತರಿಸುವಷ್ಟು ಗಟ್ಟಿ ಕತ್ತರಿ, ಇಷ್ಟು ಇರಲೇಬೇಕು. ನೋವಿಗೆ ಪ್ಯಾರಾಸಿಟಮಾಲ್ ಇಡುತ್ತೇನೆ, ಆಸ್ಪಿರಿನ್ ಇಡುವುದಿಲ್ಲ, ಅದು ರಕ್ತಸ್ರಾವ ಹೆಚ್ಚಿಸಬಹುದು. ಕಡಜ, ಜೇನು ಕಚ್ಚಿದರೆ ಅಂತ ಅಲರ್ಜಿ ಮಾತ್ರೆ ಸೆಟ್ರಿಜಿನ್ ಇದೆ, ಆದರೆ ಉಸಿರು ಕಟ್ಟುತ್ತಿದ್ದರೆ ಮಾತ್ರೆ ನಂಬಿ ಕೂರಬೇಡಿ, ಆಸ್ಪತ್ರೆಗೆ ಓಡಿ. ಹಾವು ಕಚ್ಚಿದರೆ ಕೊಯ್ಯಬಾರದು, ಹಗ್ಗ ಬಿಗಿಯಬಾರದು. ಅದೇ ಸ್ಪ್ಲಿಂಟ್ ಕಟ್ಟಿ ಕೈಕಾಲು ಅಲ್ಲಾಡದಂತೆ ಮಾಡಿ ಕರೆದುಕೊಂಡು ಹೋಗಬೇಕು. ಮಳೆಗಾಲಕ್ಕೆ ಇಂಬಳಕ್ಕೆ ಒಂದು ಡಬ್ಬಿ ಉಪ್ಪು, ಅಷ್ಟೇ.

ಸ್ಪ್ಯಾನರ್, ಟೈರ್ ಲಿವರ್ ಮಾತ್ರ ದಯವಿಟ್ಟು ಬೆನ್ನಿಗೆ ಹಾಕಬೇಡಿ. ಅಂಗಾತ ಬಿದ್ದರೆ ಕಬ್ಬಿಣ ನೇರ ಬೆನ್ನುಮೂಳೆಗೆ ಒತ್ತುತ್ತದೆ. ಅವು ಬೈಕ್ ಹಿಂದಿನ ಬ್ಯಾಗಿಗೆ, ಸೀಟಿನ ಹತ್ತಿರ, ಬಿಗಿಯಾಗಿ. ನನ್ನ ಬೈಕಿನ ಮುಂದಿನ ಚಕ್ರ 21 ಇಂಚು, ಹಿಂದಿನದು 18. ಜಾಗ ಕಡಿಮೆ ಇದ್ದಾಗ 21ರ ಟ್ಯೂಬ್ ಒಂದೇ ಒಯ್ಯುತ್ತೇನೆ, ಮನೆ ಸೇರುವ ಮಟ್ಟಿಗೆ ಹಿಂದಿನ ಚಕ್ರಕ್ಕೂ ಅದನ್ನೇ ತುರುಕಬಹುದು. ಜೊತೆಗೆ ಕೈಪಂಪು, ಕ್ಲಚ್ ಲಿವರ್, ಚೈನ್ ಲಿಂಕ್, ಕಟ್ಟು ತಂತಿ, ಎಳೆಯೋಕೆ ಹಗ್ಗ. ಬಿರುಕಿಗೆ ಮೆತ್ತುವ ಅಂಟು ಎಂ-ಸೀಲ್ ಮರೆಯಬೇಡಿ. ಕಲ್ಲು ಬಡಿದು ಎಂಜಿನ್ ಕೇಸ್ ಸೀಳಿ ಆಯಿಲ್ ಜಿನುಗಿದರೆ ಒರೆಸಿ ಒಣಗಿಸಿ ಮೆತ್ತಿ, ಗಟ್ಟಿಯಾಗುವ ತನಕ ಕಾಯಿರಿ.

ವಿದೇಶಿ ವಿಡಿಯೋ ನೋಡಿ, ನೆಟ್‌ವರ್ಕ್ ಇಲ್ಲದ ಕಡೆ ಉಪಗ್ರಹದ ಮೂಲಕ ಸಂದೇಶ ಕಳಿಸುವ ಸ್ಯಾಟಲೈಟ್ ಮೆಸೆಂಜರ್ ತರಿಸಬೇಡಿ. ನಮ್ಮಲ್ಲಿ ಅನುಮತಿ ಇಲ್ಲದೆ ಅಂಥದ್ದನ್ನು ಇಟ್ಟುಕೊಂಡರೆ ಕೇಸಾಗಬಹುದು. ನಾವು ಕನಿಷ್ಠ ಮೂವರು ಹೋಗುತ್ತೇವೆ. ಒಬ್ಬರಿಗೆ ಪೆಟ್ಟಾದರೆ ಒಬ್ಬರು ಹತ್ತಿರ ಕೂರಬೇಕು, ಇನ್ನೊಬ್ಬರು ನೆಟ್‌ವರ್ಕ್ ಸಿಗುವ ದಿಬ್ಬ ಹತ್ತಿ 112ಕ್ಕೋ 108ಕ್ಕೋ ಕರೆ ಮಾಡಬೇಕು. ಉಳಿದುಕೊಂಡ ಹೋಂಸ್ಟೇಯವರಿಗೆ ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಬರೆದುಕೊಟ್ಟೇ ಹೊರಡುತ್ತೇವೆ. ಆ ಕಡೆ ಆನೆ ಓಡಾಡುವ ಜಾಗ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ, ಬೇಡ ಅಂದ ದಾರಿಗೆ ಹೋಗುವುದಿಲ್ಲ.