ಮಧ್ಯಾಹ್ನ ಎರಡಕ್ಕೆ ಸುಸ್ತಾಗುತ್ತಿದ್ದ ಸರ್ವರ್

ಕಲಬುರಗಿಯ ನೆಹರು ಗಂಜ್‌ನ ಕೆಲವು ತೊಗರಿ ವ್ಯಾಪಾರಿಗಳ ಬಿಲ್ಲು ಮತ್ತು ದಾಸ್ತಾನಿನ ಲೆಕ್ಕ ನಡೆಯುವ ಸರ್ವರ್ ನನ್ನ ಉಸ್ತುವಾರಿಯಲ್ಲಿದೆ. ನಮ್ಮ ಕಚೇರಿಯ ಹಿಂದಿನ ಸಣ್ಣ ಕೋಣೆಯಲ್ಲಿ, ಒಂದು ಎಸಿ ಮತ್ತು ಒಂದು ಯುಪಿಎಸ್ ನೆಚ್ಚಿಕೊಂಡು ಅದು ನಡೆಯುತ್ತದೆ. ಕಳೆದ ಮೇ ತಿಂಗಳಲ್ಲಿ ಮಧ್ಯಾಹ್ನ ಎರಡರ ಸುಮಾರಿಗೆ, ವಾರದಲ್ಲಿ ಮೂರು ನಾಲ್ಕು ದಿನ, "ಬಿಲ್ ಬರವಲ್ತು ನೋಡ್ರಿ ಸರ್" ಎಂಬ ಫೋನು ಬರತೊಡಗಿತು. ಆವಕದ ಹಂಗಾಮು ಮುಗಿದು ಗಂಜ್ ತಣ್ಣಗಿದ್ದ ಸಮಯವಾದ್ದರಿಂದ, ಕೆಲಸದ ಒತ್ತಡವೇ ಕಾರಣವೆಂದು ಹೇಳುವಂತಿರಲಿಲ್ಲ.

ಯಂತ್ರಗಳ ಸ್ಥಿತಿಗತಿಯ ಅಂಕಿಗಳನ್ನು ಸಂಗ್ರಹಿಸಿ ಕಾವಲು ಕಾಯುವ ಪ್ರೊಮಿಥಿಯಸ್ ಎಂಬ ತಂತ್ರಾಂಶವನ್ನು ಆಗಲೇ ಬೇರೊಂದು ಹಳೆಯ ಡೆಸ್ಕ್‌ಟಾಪ್‌ನಲ್ಲಿ ಹಾಕಿದ್ದೆ. ಕಾವಲುಗಾರನನ್ನು ಕಾಯಬೇಕಾದ ಯಂತ್ರದಲ್ಲೇ ಕೂರಿಸಿದರೆ ಎರಡೂ ಒಟ್ಟಿಗೆ ಮಲಗುತ್ತವೆ. ಸರ್ವರ್‌ನ ಅಂಕಿಗಳನ್ನು ಹೊರಗೆ ಒದಗಿಸುವ ನೋಡ್ ಎಕ್ಸ್‌ಪೋರ್ಟರ್ ಎಂಬ ಸಣ್ಣ ಪ್ರೋಗ್ರಾಮಿನ 9100ನೇ ಪೋರ್ಟಿನಿಂದ ಅದು 15 ಸೆಕೆಂಡಿಗೊಮ್ಮೆ ಅಂಕಿಗಳನ್ನು ತರುತ್ತಿತ್ತು. ಅಂಕಿಗಳಿಗೆ ಕೊರತೆಯಿರಲಿಲ್ಲ, ಕೇಳಲು ನನಗೆ ಬರುತ್ತಿರಲಿಲ್ಲ. ಮೊದಲ ದಿನ ಸಿಪಿಯು ಎಷ್ಟು ಸೆಕೆಂಡು ಯಾವ ಕೆಲಸದಲ್ಲಿ ಕಳೆಯಿತು ಎಂಬ ಅಂಕಿಯನ್ನು ಹಾಗೆಯೇ ಗ್ರಾಫಿಗೆ ಹಾಕಿದಾಗ ಕಂಡದ್ದು ಬರೀ ಏರುತ್ತಲೇ ಹೋಗುವ ಗೆರೆ. ಅದು ಕೌಂಟರ್, ಅಂದರೆ ವಿದ್ಯುತ್ ಮೀಟರಿನಂತೆ ಕೂಡುತ್ತಲೇ ಹೋಗುವ ಅಂಕಿ. ಈ ತಿಂಗಳು ಎಷ್ಟು ಬಳಸಿದಿರಿ ಎಂಬುದು ಎರಡು ರೀಡಿಂಗ್‌ಗಳ ವ್ಯತ್ಯಾಸದಿಂದ ತಿಳಿಯುವಂತೆ, ಇಲ್ಲಿ ಆ ವ್ಯತ್ಯಾಸವನ್ನು 'ರೇಟ್' ಫಂಕ್ಷನ್ ತೆಗೆದುಕೊಡುತ್ತದೆ. ಸರ್ವರ್ ರೀಬೂಟ್ ಆಗಿ ಕೌಂಟರ್ ಸೊನ್ನೆಗೆ ಬಿದ್ದರೂ ಅದು ಲೆಕ್ಕ ತಪ್ಪುವುದಿಲ್ಲ. ರೇಟ್ ಹಿಂದಕ್ಕೆ ನೋಡುವ ಅವಧಿಯನ್ನು 15 ಸೆಕೆಂಡಿಗೇ ಇಟ್ಟರೆ ಗ್ರಾಫ್ ಖಾಲಿ ಬರುತ್ತದೆ, ಏಕೆಂದರೆ ಆ ಅವಧಿಯೊಳಗೆ ಕನಿಷ್ಠ ಎರಡು ರೀಡಿಂಗ್‌ಗಳಾದರೂ ಬೇಕು. ನಾನು 5 ನಿಮಿಷ ಇಟ್ಟೆ.

ಐಡಲ್, ಅಂದರೆ ಸಿಪಿಯು ಸುಮ್ಮನಿರುವ ಸಮಯದ ರೇಟ್ ಅನ್ನು ಒಂದರಿಂದ ಕಳೆದು ನೋಡಿದಾಗ, ಬೆಳಿಗ್ಗೆ ಶೇ. 35ರ ಆಸುಪಾಸಿನಲ್ಲಿದ್ದ ಸಿಪಿಯು ಬಳಕೆ ಎರಡು ಗಂಟೆಯ ನಂತರ ಶೇ. 80 ದಾಟಿತ್ತು. ಹೊಸ ಯಂತ್ರವೇ ಬೇಕೆಂದು ಮಾಲೀಕರಿಗೆ ಹೇಳಲು ಹೊರಟಿದ್ದೆ, ಹೇಳದಿದ್ದದ್ದು ಒಳ್ಳೆಯದಾಯಿತು. ಬಿಲ್ಲುಗಳ ಕೌಂಟರಿನ ರೇಟ್ ಅನ್ನೂ, 'ಆಫ್‌ಸೆಟ್' ಹಾಕಿ ಹಿಂದಿನ ದಿನದ ಅದೇ ಹೊತ್ತಿನ ರೇಟ್ ಅನ್ನೂ ಒಂದೇ ಗ್ರಾಫಿನಲ್ಲಿ ಇಟ್ಟಾಗ ಎರಡು ಗೆರೆಗಳೂ ಒಂದರ ಮೇಲೊಂದು ಕೂತವು. ಕೆಲಸ ಅಷ್ಟೇ, ದಣಿವು ಮಾತ್ರ ದುಪ್ಪಟ್ಟು. ಡಿಸ್ಕಿಗಾಗಿ ಕಾಯುವ ಐಒವೇಟ್ ನಗಣ್ಯವಾಗಿತ್ತು. ಮೆಮೊರಿಯಲ್ಲೂ, ಪೂರ್ತಿ ಖಾಲಿ ಇರುವುದನ್ನಷ್ಟೇ ಹೇಳುವ 'ಫ್ರೀ' ಬದಲು ಬೇಕೆಂದಾಗ ಸಿಗಬಲ್ಲದ್ದನ್ನೂ ಸೇರಿಸಿ ಹೇಳುವ 'ಅವೈಲಬಲ್' ಅಂಕಿ ನೋಡಿದರೆ, ಸಾಕಷ್ಟು ಜಾಗವಿತ್ತು.

ಕೊನೆಗೆ ಸಿಪಿಯು ತಾಪಮಾನವನ್ನು ನೋಡಿದೆ. ಅದು ಗೇಜ್, ಅಂದರೆ ಏರಿಳಿಯುತ್ತಾ ಆ ಕ್ಷಣದ ಮಟ್ಟವನ್ನೇ ತೋರಿಸುವ ಅಂಕಿ; ರೇಟ್ ಬೇಕಿಲ್ಲ. ಎರಡು ಗಂಟೆಗೆ ಗೆರೆ 60 ಡಿಗ್ರಿಯಿಂದ 95ರ ಕಡೆಗೆ ಏರಿತ್ತು, ಅದರ ಕೆಳಗೆ ಥ್ರಾಟಲ್ ಕೌಂಟರಿನ ರೇಟ್ ಸೊನ್ನೆಯಿಂದ ಮೇಲೆದ್ದಿತ್ತು: ಸಿಪಿಯು ಬಿಸಿಯಾಗಿ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತಿತ್ತು. ಅದೇ ಹೊತ್ತಿಗೆ ಕರೆಂಟು ಹೋಗುತ್ತಿತ್ತು. ಯುಪಿಎಸ್ ಸರ್ವರ್ ಅನ್ನು ಕೈಬಿಡುತ್ತಿರಲಿಲ್ಲ, ಆದರೆ ಎಸಿಗೆ ಅದರ ಸಂಪರ್ಕವಿರಲಿಲ್ಲ. ಹೊರಗೆ 42 ಡಿಗ್ರಿ ಇರುವಾಗ ಬಾಗಿಲು ಮುಚ್ಚಿದ ಆ ಕೋಣೆ ಅರ್ಧ ಗಂಟೆಯಲ್ಲಿ ಒಲೆಯಾಗುತ್ತಿತ್ತು.

ಎಸಿಯನ್ನು ಹೊರುವ ಶಕ್ತಿ ನಮ್ಮ ಯುಪಿಎಸ್‌ಗಿಲ್ಲದ ಕಾರಣ ಎಕ್ಸಾಸ್ಟ್ ಫ್ಯಾನ್ ಕೂರಿಸಿ ಅದನ್ನು ಮಾತ್ರ ಯುಪಿಎಸ್‌ಗೆ ಜೋಡಿಸಿದೆವು. ತಾಪಮಾನ 85 ದಾಟಿದರೆ ಎಚ್ಚರಿಸುವ ನಿಯಮ ಬರೆದೆನಾದರೂ, ಆ ಸಂದೇಶ ಬರುವಷ್ಟರಲ್ಲಿ ಗಂಜ್‌ನಿಂದ ಫೋನೂ ಬಂದಿರುತ್ತಿತ್ತು. ಈಗ 'ಪ್ರೆಡಿಕ್ಟ್ ಲೀನಿಯರ್' ಬಳಸಿ, ಕಳೆದ 10 ನಿಮಿಷದ ಏರಿಕೆ ಹೀಗೆಯೇ ಮುಂದುವರಿದರೆ ಇನ್ನು 15 ನಿಮಿಷದಲ್ಲಿ 85 ದಾಟುತ್ತದೆಯೇ ಎಂದು ಕೇಳುತ್ತೇನೆ. ಬಾಗಿಲು ತೆಗೆದಿಡಲು ಅಷ್ಟು ಸಮಯ ಸಾಕು.

ಒಂದು ಎಡವಟ್ಟು ಮಾತ್ರ ಉಳಿಯಿತು. ಪ್ರೊಮಿಥಿಯಸ್ ತಾನಾಗಿ 15 ದಿನಗಳ ದತ್ತಾಂಶವನ್ನಷ್ಟೇ ಇಟ್ಟುಕೊಳ್ಳುತ್ತದೆ. ಅದನ್ನು ಒಂದು ವರ್ಷಕ್ಕೆ ಬದಲಿಸುವುದು ನನಗೆ ಹೊಳೆದದ್ದು ಜೂನ್ ಕೊನೆಯಲ್ಲಿ. ಮೇ ತಿಂಗಳ ಆ ಗ್ರಾಫುಗಳಲ್ಲಿ ಈಗ ನನ್ನ ಬಳಿ ಇರುವುದು ಮಾಲೀಕರಿಗೆ ತೋರಿಸಲೆಂದು ಮೊಬೈಲಿನಲ್ಲಿ ತೆಗೆದ ಎರಡು ಫೋಟೋಗಳಷ್ಟೇ.