ಮ್ಯಾಗ್ನೆಟಾರ್ ಜ್ವಾಲೆಯೋ, ಮಾಮೂಲಿ ಗಾಮಾ ಸ್ಫೋಟವೋ: ಫರ್ಮಿ ದತ್ತಾಂಶ ನೋಡುವ ನನ್ನ ಕ್ರಮ

ಎರಡು ಸೆಕೆಂಡಿನೊಳಗೆ ಮುಗಿದುಹೋಗುವ ಗಾಮಾ ಕಿರಣ ಸ್ಫೋಟಗಳಲ್ಲಿ ಬಹುಪಾಲು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿ ಹೊಡೆದಾಗ ಹುಟ್ಟುವಂಥವು. ಅವುಗಳ ಗುಂಪಿನಲ್ಲೇ ಹತ್ತಿರದ ಗ್ಯಾಲಕ್ಸಿಗಳಲ್ಲಿರುವ, ಅತಿ ಪ್ರಬಲ ಕಾಂತಕ್ಷೇತ್ರದ ನ್ಯೂಟ್ರಾನ್ ನಕ್ಷತ್ರಗಳಾದ ಮ್ಯಾಗ್ನೆಟಾರ್‌ಗಳ ದೈತ್ಯ ಜ್ವಾಲೆಗಳೂ ಬೆರೆತಿರುತ್ತವೆ. ಅವನ್ನು ಬೇರ್ಪಡಿಸಲು ನಾನು ಅನುಸರಿಸುವ ಕ್ರಮವನ್ನು 2020ರ ಏಪ್ರಿಲ್ 15ರ ಸ್ಫೋಟ ಜಿಆರ್‌ಬಿ 200415ಎ ಇಟ್ಟುಕೊಂಡು ಬರೆಯುತ್ತಿದ್ದೇನೆ. ನಾಸಾದ ಹೀಸಾರ್ಕ್ ಭಂಡಾರದಲ್ಲಿ 200415367 ಎಂಬ ಟ್ರಿಗರ್ ಸಂಖ್ಯೆಯಡಿ ಇದರ ಫೈಲ್‌ಗಳು ಎಲ್ಲರಿಗೂ ಸಿಗುತ್ತವೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ.

ನಾಸಾದ ಗಾಮಾ ಕಿರಣ ಉಪಗ್ರಹ ಫರ್ಮಿಯಲ್ಲಿರುವ, ಸ್ಫೋಟಗಳನ್ನು ಕಾಯುವ ಜಿಬಿಎಂ ಉಪಕರಣದಲ್ಲಿ ಕಡಿಮೆ ಶಕ್ತಿಯ ಕಿರಣ ಹಿಡಿಯುವ 12 ಸೋಡಿಯಂ ಅಯೊಡೈಡ್ ಡಿಟೆಕ್ಟರ್‌ಗಳೂ ಹೆಚ್ಚಿನ ಶಕ್ತಿಯವನ್ನು ಹಿಡಿಯುವ 2 ಬಿಜಿಒ ಡಿಟೆಕ್ಟರ್‌ಗಳೂ ಇವೆ. ಇಳಿಸಿಕೊಳ್ಳಬೇಕಾದ್ದು ಟಿಟಿಇ ಫೈಲ್‌ಗಳನ್ನು; ಅವುಗಳಲ್ಲಿ ಒಂದೊಂದು ಫೋಟಾನ್ ಬಂದ ಹೊತ್ತೂ 2 ಮೈಕ್ರೋಸೆಕೆಂಡ್ ನಿಖರತೆಯಲ್ಲಿ ದಾಖಲಾಗಿರುತ್ತದೆ. ಎಣಿಕೆಗಳನ್ನು ಮೊದಲೇ ಸಮಯದ ತುಂಡುಗಳಲ್ಲಿ (ಬಿನ್) ಕೂಡಿಸಿಟ್ಟಿರುವ ಸಿಟೈಮ್ ಫೈಲ್ ಚಿಕ್ಕದೆಂದು ಅದನ್ನೇ ತೆಗೆದುಕೊಂಡರೆ ಕೆಲಸ ಕೆಡುತ್ತದೆ. ಅದರ ಮಾಮೂಲಿ ಬಿನ್ 256 ಮಿಲಿಸೆಕೆಂಡ್, ಈ ಸ್ಫೋಟ ಇದ್ದದ್ದೇ ಸುಮಾರು 140 ಮಿಲಿಸೆಕೆಂಡ್. ಸ್ಫೋಟದ ದಿಕ್ಕಿನಿಂದ 60 ಡಿಗ್ರಿಯೊಳಗೆ ಮುಖ ಮಾಡಿರುವ ಡಿಟೆಕ್ಟರ್‌ಗಳನ್ನಷ್ಟೇ ಆರಿಸಿ, ಉಪಗ್ರಹದ ಮೈಯೇ ಅಡ್ಡ ಬಂದಿರುವಂಥವನ್ನು ಬಿಡಿ.

ಮೊದಲು ಸುಳ್ಳು ಸ್ಫೋಟಗಳನ್ನು ಕಳೆಯಬೇಕು. ಮಿಂಚಿನ ಮೋಡಗಳಿಂದ ಏಳುವ ಗಾಮಾ ಮಿಂಚುಗಳು ಸಾಮಾನ್ಯವಾಗಿ ಒಂದು ಮಿಲಿಸೆಕೆಂಡಿನೊಳಗೆ ಮುಗಿಯುತ್ತವೆ. ಕಾಸ್ಮಿಕ್ ಕಣದ ಹೊಡೆತವಾದರೆ ದಿಕ್ಕಿನ ಭೇದವಿಲ್ಲದೆ ಹಲವು ಡಿಟೆಕ್ಟರ್‌ಗಳು ಒಂದೇ ಕ್ಷಣ ಬೆಳಗುತ್ತವೆ. ನಮ್ಮದೇ ಗ್ಯಾಲಕ್ಸಿಯ ಮ್ಯಾಗ್ನೆಟಾರ್‌ಗಳ ಸಣ್ಣ ಸಿಡಿತಗಳ ಬಹುಪಾಲು ಶಕ್ತಿ 100 ಕೆಇವಿ (ಸಾವಿರ ಎಲೆಕ್ಟ್ರಾನ್ ವೋಲ್ಟ್, ಫೋಟಾನಿನ ಶಕ್ತಿಯ ಅಳತೆ) ಒಳಗೇ ಉಳಿಯುತ್ತದೆ. ಬಿಜಿಒದಲ್ಲಿ ಏನೂ ಕಾಣದಿದ್ದರೆ ನಾನು ಮೊದಲು ಅನುಮಾನಿಸುವುದು ಅವುಗಳನ್ನೇ. ಬೇರೊಂದು ಉಪಗ್ರಹದಲ್ಲೂ ಅದೇ ಹೊತ್ತಿಗೆ ಏನಾದರೂ ದಾಖಲಾಗಿದೆಯೇ ಎಂದು ನೋಡುವುದು ಒಳ್ಳೆಯದು. ಭಾರತದ ಉಪಗ್ರಹ ಆಸ್ಟ್ರೋಸ್ಯಾಟ್‌ನ ಸಿಝಡ್‌ಟಿಐ ಉಪಕರಣದ ದತ್ತಾಂಶ ಬೆಂಗಳೂರಿನ ಬಳಿಯ ಬ್ಯಾಲಾಳು ಕೇಂದ್ರದ ಭಂಡಾರದಲ್ಲಿದೆ, ಅದರ ಸಮಯ ನಿಖರತೆ 20 ಮೈಕ್ರೋಸೆಕೆಂಡ್.

ಇನ್ನು ಹೆಚ್ಚಿನವರು ಎಡವುವ ಜಾಗ. ದೈತ್ಯ ಜ್ವಾಲೆಯ ಶಿಖರ ಎಷ್ಟು ಪ್ರಖರವೆಂದರೆ ಜಿಬಿಎಂನ ದತ್ತಾಂಶ ಮಾರ್ಗವೇ ತುಂಬಿಹೋಗುತ್ತದೆ. ಎಲ್ಲ 14 ಡಿಟೆಕ್ಟರ್‌ಗಳೂ ಸೇರಿ ಸೆಕೆಂಡಿಗೆ ಸುಮಾರು 3,75,000 ಎಣಿಕೆಗಳಷ್ಟೇ ಆ ಮಾರ್ಗದಲ್ಲಿ ಸಾಗಬಲ್ಲವು, ಉಳಿದವು ಕಳೆದುಹೋಗುತ್ತವೆ. ಪರೀಕ್ಷೆ ಸುಲಭ: ಆರಿಸಿಕೊಂಡವನ್ನಷ್ಟೇ ಅಲ್ಲ, ಹದಿನಾಲ್ಕನ್ನೂ ಒಟ್ಟು ಸೇರಿಸಿ 1 ಮಿಲಿಸೆಕೆಂಡ್ ಬಿನ್‌ನಲ್ಲಿ ಚಿತ್ರ ಬಿಡಿಸಿ. ಎಣಿಕೆ 375ರ ಹತ್ತಿರ ಹೋಗಿ ತಲೆ ಕತ್ತರಿಸಿದಂತೆ ಚಪ್ಪಟೆಯಾಗಿದ್ದರೆ ಆ ಭಾಗವನ್ನು ನಂಬಬೇಡಿ. ಇದನ್ನು ಗಮನಿಸದೆ ಮುಂದುವರಿದರೆ ಎಣಿಕೆ ಎಲ್ಲಿ ಏರಿತು, ಎಲ್ಲಿ ಇಳಿಯಿತು ಎಂದು ಗುರುತಿಸುವ ಬೇಸಿಯನ್ ಬ್ಲಾಕ್ಸ್ ವಿಧಾನವು ನಿಜದಲ್ಲಿ ಇಲ್ಲದ ತಗ್ಗುಗಳನ್ನು ಹುಡುಕಿಕೊಡುತ್ತದೆ, ಒಟ್ಟು ಶಕ್ತಿ ಕಡಿಮೆ ಬರುತ್ತದೆ, ಅವಧಿ ಮಾತ್ರ ಉದ್ದವಾಗಿ ಕಾಣುತ್ತದೆ. ಇದರ ಜೊತೆಗೆ ಒಂದೊಂದು ಫೋಟಾನಿನ ನಂತರವೂ ಡಿಟೆಕ್ಟರ್ 2.6 ಮೈಕ್ರೋಸೆಕೆಂಡ್ ಕುರುಡಾಗಿರುತ್ತದೆ. ಆ ತಿದ್ದುಪಡಿಯನ್ನೂ ಹಾಕಬೇಕು.

ಏರಿಕೆಯ ಸಮಯವನ್ನು ಬಿನ್ ಮಾಡಿ ಅಳೆಯಬೇಡಿ. ಫೋಟಾನ್‌ಗಳು ಬಂದ ಹೊತ್ತುಗಳನ್ನು ಸಾಲಾಗಿ ಜೋಡಿಸಿ, ಅವುಗಳ ಮೇಲೆಯೇ ಬೇಸಿಯನ್ ಬ್ಲಾಕ್ಸ್ ಓಡಿಸಿ. ಈ ಸ್ಫೋಟದಲ್ಲಿ ಪ್ರಕಟವಾದ ಏರಿಕೆಯ ಸಮಯ ಸುಮಾರು 77 ಮೈಕ್ರೋಸೆಕೆಂಡ್. ಅಷ್ಟರಲ್ಲಿ ಬೆಳಕು ಕ್ರಮಿಸುವುದು 23 ಕಿಲೋಮೀಟರ್, ಹೆಚ್ಚುಕಡಿಮೆ ಒಂದು ನ್ಯೂಟ್ರಾನ್ ನಕ್ಷತ್ರದ ವ್ಯಾಸ. ನನ್ನ ಮಟ್ಟಿಗೆ ಬೆಳಕಿನ ರೇಖೆಯಲ್ಲಿ (ಹೊತ್ತಿಗೆ ತಕ್ಕಂತೆ ಪ್ರಖರತೆ ಬದಲಾಗುವ ಚಿತ್ರ) ಸಿಗುವ ಅತಿ ಬಲವಾದ ಸುಳಿವು ಇದೇ.

ರೋಹಿತಕ್ಕೆ, ಅಂದರೆ ಯಾವ ಶಕ್ತಿಯಲ್ಲಿ ಎಷ್ಟು ಫೋಟಾನ್ ಎಂಬುದಕ್ಕೆ, ಸೋಡಿಯಂ ಅಯೊಡೈಡ್‌ನಲ್ಲಿ 8ರಿಂದ 900 ಕೆಇವಿ ತೆಗೆದುಕೊಂಡು, ಅಯೋಡಿನ್‌ನ ಕೆ-ಅಂಚು (ಹೀರಿಕೆ ಹಠಾತ್ತಾಗಿ ಏರುವ ಶಕ್ತಿ) ಇರುವ 30ರಿಂದ 40 ಕೆಇವಿ ಭಾಗವನ್ನು ಬಿಡುತ್ತೇನೆ. ಘಾತೀಯವಾಗಿ ಇಳಿಯುವ ಪವರ್ ಲಾ ಮಾದರಿ ಸಾಕು. ಶಿಖರ ಶಕ್ತಿ 1 ಎಂಇವಿ (1000 ಕೆಇವಿ) ಆಸುಪಾಸಿನಲ್ಲಿ ಬರುತ್ತದೆ. ಡಿಟೆಕ್ಟರ್ ಯಾವ ಶಕ್ತಿಗೆ ಹೇಗೆ ಪ್ರತಿಕ್ರಿಯಿಸುತ್ತದೆ ಎಂದು ಹೇಳುವ ರೆಸ್ಪಾನ್ಸ್ ಫೈಲ್ ಯಾವ ದಿಕ್ಕಿಗೆ ಲೆಕ್ಕ ಹಾಕಿದ್ದು ಎಂದು ಮಾತ್ರ ತಪ್ಪದೆ ನೋಡಿ.

ಆದರೆ ಇಷ್ಟೆಲ್ಲ ಸೇರಿದರೂ ತೀರ್ಪು ಕೊಡುವುದು ಆಕಾಶದಲ್ಲಿ ಸ್ಫೋಟದ ಸ್ಥಾನ. ಪ್ರತಿ ಚದರ ಸೆಂಟಿಮೀಟರಿಗೆ ಬಂದ ಶಕ್ತಿ ಸುಮಾರು ಒಂದು ಅರ್ಗ್‌ನ (ಶಕ್ತಿಯ ಒಂದು ಚಿಕ್ಕ ಅಳತೆ) ಲಕ್ಷದಲ್ಲೊಂದು ಭಾಗ. ದೂರ 1.14 ಕೋಟಿ ಜ್ಯೋತಿರ್ವರ್ಷ ಎಂದಿಟ್ಟುಕೊಂಡರೆ ಒಟ್ಟು ಶಕ್ತಿ 10ರ 46ನೇ ಘಾತದ ಅರ್ಗ್‌ಗಳ ಮಟ್ಟದಲ್ಲಿ ಬರುತ್ತದೆ, ದೈತ್ಯ ಜ್ವಾಲೆಗೆ ಹೊಂದುತ್ತದೆ. ಅದೇ ಸ್ಫೋಟ 100 ಕೋಟಿ ಜ್ಯೋತಿರ್ವರ್ಷ ದೂರದ್ದಾಗಿದ್ದರೆ ಶಕ್ತಿ ಏಳು ಸಾವಿರ ಪಟ್ಟಿಗೂ ಮೇಲೆ ಹೋಗಿ ಮಾಮೂಲಿ ಡಿಕ್ಕಿಯ ಲೆಕ್ಕಕ್ಕೆ ಬೀಳುತ್ತಿತ್ತು. ಜಿಬಿಎಂ ಒಂದೇ ಕೊಡುವ ಸ್ಥಾನದಲ್ಲಿ ಕೆಲವು ಡಿಗ್ರಿಗಳಷ್ಟು ಅನಿಶ್ಚಿತತೆ ಇರುವುದರಿಂದ ಅದು ಇಲ್ಲಿ ಉಪಯೋಗಕ್ಕೆ ಬಾರದು. ದೂರದೂರದ ನೌಕೆಗಳು ಬೇಕು, ಅವುಗಳ ದತ್ತಾಂಶ ಬರುವವರೆಗೆ ಕಾಯಬೇಕು. ಈ ಸ್ಫೋಟ ಮೊದಲು ಮಂಗಳದ ಬಳಿಯ ಮಾರ್ಸ್ ಒಡಿಸ್ಸಿಗೆ, ಸುಮಾರು 6.6 ನಿಮಿಷದ ನಂತರ ವಿಂಡ್ ನೌಕೆಗೆ, ಮತ್ತೆ 4.5 ಸೆಕೆಂಡ್ ಬಿಟ್ಟು ಭೂಮಿಗೆ ತಲುಪಿತು. ಎರಡು ನೌಕೆಗಳ ಹೊತ್ತಿನ ವ್ಯತ್ಯಾಸ ಆಕಾಶದಲ್ಲಿ ಒಂದು ಉಂಗುರ ಬಿಡಿಸುತ್ತದೆ. ಉಂಗುರಗಳು ಕೂಡುವ ಸುಮಾರು 20 ಚದರ ಆರ್ಕ್‌ಮಿನಿಟ್ ಜಾಗ ಬಿದ್ದದ್ದು ಎನ್‌ಜಿಸಿ 253 ಗ್ಯಾಲಕ್ಸಿಯ ಮೇಲೆ.

2023ರ ನವೆಂಬರ್ 15ರ ಜಿಆರ್‌ಬಿ 231115ಎಯಲ್ಲಿ ಈ ಕಾಯುವಿಕೆಯೇ ಬೇಕಾಗಲಿಲ್ಲ. ಇಂಟಿಗ್ರಲ್ ಉಪಗ್ರಹ ಅದನ್ನು ನೇರವಾಗಿ ಎಂ82 ಗ್ಯಾಲಕ್ಸಿಯಲ್ಲಿ ಗುರುತಿಸಿ 13 ಸೆಕೆಂಡಿನಲ್ಲಿ ಎಚ್ಚರಿಕೆ ಕಳಿಸಿತು. ಎಕ್ಸ್‌ಎಂಎಂ-ನ್ಯೂಟನ್ ನೋಡಿದಾಗ ಅಲ್ಲಿ ಎಕ್ಸ್-ಕಿರಣದ ಹಿಂಬೆಳಕು ಇರಲಿಲ್ಲ, ಗುರುತ್ವ ಅಲೆಯೂ ಸಿಗಲಿಲ್ಲ. ಅಷ್ಟು ಹತ್ತಿರದಲ್ಲಿ ಡಿಕ್ಕಿ ಆಗಿದ್ದರೆ ಇವು ಕಾಣಲೇಬೇಕಿತ್ತು. ಹಾಗಾಗಿ ಸ್ಥಾನ ಒಂದು ಹತ್ತಿರದ ಗ್ಯಾಲಕ್ಸಿಯ ಮೇಲೆ ಬಿದ್ದ ತಕ್ಷಣ, ರೋಹಿತ ಮುಗಿಯಲಿ ಎಂದು ಕಾಯದೆ ಎಕ್ಸ್-ಕಿರಣ ದೂರದರ್ಶಕಗಳಿಗೆ ಕೋರಿಕೆ ಕಳಿಸಿ.